ಜರ್ಮನಿಯ ಆಫರ್ ಬಂದಿದೆ, ಮಗು ಬೇಕು ಅಂತಲೂ ಇದೆ. ಒಬ್ಬನೇ ಮೊದಲು ಹೋಗಲಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಊರು ಶಿರಸಿ ಹತ್ತಿರ, ನೀವು ಮೆಕ್ಯಾನಿಕಲ್ ಎಂಜಿನಿಯರ್, ಹೆಂಡತಿ ಕಾರವಾರದಲ್ಲಿ ನರ್ಸ್. ತೋಟದ ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ. ನೀವು ಮೊದಲು ಹೋಗಿ ಸೆಟ್ಲ್ ಆಗಿ ಆಮೇಲೆ ಹೆಂಡತಿಯನ್ನು ಕರೆಸಬೇಕೋ, ಊರಲ್ಲೇ ಮಗು ಆದಮೇಲೆ ಎಲ್ಲರೂ ಹೊರಡಬೇಕೋ ಅಂತ ಕೇಳಿದ್ದೀರಿ.

ನಾನು ಕುಮಟಾ ಕಡೆಯವನು. ಕೆಲಸ ಸ್ಟುಟ್‌ಗಾರ್ಟ್‌ನಲ್ಲಿ, ಮಗಳು ಹುಟ್ಟಿದ್ದೂ ಇಲ್ಲೇ. ನನ್ನನ್ನು ಕೇಳಿದರೆ ಎರಡೂ ಬೇಡ. ಇಬ್ಬರೂ ಒಟ್ಟಿಗೇ ಬನ್ನಿ, ಮಗುವಿನ ಯೋಚನೆಯನ್ನು ಪ್ರೊಬೇಷನ್ ಮುಗಿಯುವವರೆಗೆ ತಡೆಯಿರಿ.

ನಮ್ಮ ಕರಾವಳಿಯಲ್ಲಿ ಗಂಡಸು ಮೊದಲು ಹೋಗುವುದು ರೂಢಿ. ಭಟ್ಕಳ, ಹೊನ್ನಾವರದಿಂದ ಗಲ್ಫ್‌ಗೆ ಹೋದವರನ್ನು ನೋಡಿ ನೋಡಿ ಅದೇ ಸರಿ ಅನಿಸಿಬಿಟ್ಟಿದೆ. ಆದರೆ ಅಲ್ಲಿಯ ಕಾನೂನು ಬೇರೆ. ಯುಎಇಯಲ್ಲಿ ಕುಟುಂಬವನ್ನು ಕರೆಸಬೇಕಾದರೆ ಸಂಬಳ ಕನಿಷ್ಠ 4,000 ದಿರ್ಹಂ ಇರಬೇಕು, ಇಲ್ಲವೇ 3,000 ಮತ್ತು ವಸತಿ. ಅಷ್ಟು ಆಗುವವರೆಗೆ ಕಾಯಲೇಬೇಕು. ಜರ್ಮನಿಯಲ್ಲಿ ನಿಮಗೆ ಬ್ಲೂ ಕಾರ್ಡ್ (ಡಿಗ್ರಿ, ಒಳ್ಳೆ ಸಂಬಳ ಇರುವ ಹೊರದೇಶದವರಿಗೆ ಕೊಡುವ ವಾಸದ ಪರವಾನಗಿ) ಸಿಕ್ಕರೆ ಹೀಗೆ ಕಾಯುವ ಅಗತ್ಯವೇ ಇಲ್ಲ. ಹೆಂಡತಿ ವೀಸಾಕ್ಕೆ ಜರ್ಮನ್ ಭಾಷೆಯ ಪರೀಕ್ಷೆ ಬರೆಯಬೇಕಿಲ್ಲ, ಬಂದ ಮೇಲೆ ಯಾವ ಕೆಲಸ ಬೇಕಾದರೂ ಮಾಡಬಹುದು. ಹಾಗಾಗಿ ಆಫರ್ ಲೆಟರ್‌ನಲ್ಲಿ ಮೊದಲು ನೋಡಬೇಕಾದದ್ದು ಸಂಬಳ ಬ್ಲೂ ಕಾರ್ಡ್‌ನ ಮಿತಿ ದಾಟುತ್ತದಾ ಅಂತ. 2025ರಲ್ಲಿ ಅದು ವರ್ಷಕ್ಕೆ 48,300 ಯೂರೋ, ಎಂಜಿನಿಯರ್‌ನಂಥ ಕೊರತೆ ಇರುವ ಕೆಲಸಗಳಿಗೆ 43,759.80 ಇತ್ತು. ಪ್ರತಿ ವರ್ಷ ಏರುತ್ತದೆ. ಸ್ವಲ್ಪದರಲ್ಲೇ ತಪ್ಪುವಂತಿದ್ದರೆ ನಾಚಿಕೊಳ್ಳದೆ ಜಾಸ್ತಿ ಕೇಳಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹೆಂಡತಿ ಊರಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ನೀವು ಒಂಟಿ. ಅವರೂ ಇಲ್ಲಿದ್ದರೆ ಮೂರನೇ ತೆರಿಗೆ ವರ್ಗ ಸಿಗುತ್ತದೆ, ತಿಂಗಳ ಕೊನೆಗೆ ಕೈಗೆ ಬರುವ ಸಂಬಳ ಚೆನ್ನಾಗಿಯೇ ಹೆಚ್ಚುತ್ತದೆ.

ಈಗ ಮಗುವಿನ ಲೆಕ್ಕ. ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳು. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು, ನಿಮ್ಮ ವೀಸಾ ನಿಂತಿರುವುದೂ ಆ ಕೆಲಸದ ಮೇಲೆಯೇ. ಅದಕ್ಕಿಂತ ದೊಡ್ಡ ಕಾರಣ ದುಡ್ಡಿನದು. ಮಗು ಹುಟ್ಟಿದ ಮೇಲೆ ರಜೆ ಹಾಕುವ ಅಪ್ಪ ಅಥವಾ ಅಮ್ಮನಿಗೆ ಎಲ್ಟರ್ನ್‌ಗೆಲ್ಟ್ ಅಂತ ಭತ್ಯೆ ಕೊಡುತ್ತಾರೆ. ಕೈಗೆ ಬರುವ ಸಂಬಳದ ಸುಮಾರು 65 ಶೇಕಡಾ, ತಿಂಗಳಿಗೆ ಕನಿಷ್ಠ 300, ಗರಿಷ್ಠ 1,800 ಯೂರೋ. ಇದನ್ನು ಲೆಕ್ಕ ಹಾಕುವುದು ಹೆರಿಗೆಗೆ ಹಿಂದಿನ 12 ತಿಂಗಳ ಗಳಿಕೆಯ ಮೇಲೆ, ಊರಲ್ಲಿ ಗಳಿಸಿದ್ದು ಅದರಲ್ಲಿ ಸೇರುವುದಿಲ್ಲ. ಬಂದ ಆರನೇ ತಿಂಗಳಿಗೇ ಮಗುವಾದರೆ ಅರ್ಧ ವರ್ಷ ಸೊನ್ನೆ. ಪ್ರೊಬೇಷನ್ ಮುಗಿದ ಮೇಲೆ ಗರ್ಭ ನಿಂತರೆ ಹೆರಿಗೆ ಹೊತ್ತಿಗೆ ನೀವು ಬಂದು 15 ತಿಂಗಳಾಗಿರುತ್ತದೆ, ಪೂರ್ತಿ ವರ್ಷದ ಸಂಬಳ ಲೆಕ್ಕಕ್ಕೆ ಬರುತ್ತದೆ. ಮಕ್ಕಳು ಎಕ್ಸೆಲ್ ಶೀಟ್ ನೋಡಿ ಹುಟ್ಟುವುದಿಲ್ಲ, ಗೊತ್ತು. ಆದರೂ ಈ ಲೆಕ್ಕ ತಲೆಯಲ್ಲಿರಲಿ.

ಒಂದು ವೇಳೆ ಹೊರಡುವ ಮೊದಲೇ ಗರ್ಭಿಣಿಯಾದರೆ ಗಾಬರಿ ಬೇಡ. ಇಲ್ಲಿಯ ಸರಕಾರಿ ಆರೋಗ್ಯ ವಿಮೆಯಲ್ಲಿ ಹೆರಿಗೆಗೆ ಕಾಯುವ ಅವಧಿ ಇಲ್ಲ. ದುಡಿಯದ ಹೆಂಡತಿ, ಮಗು ಇಬ್ಬರೂ ನಿಮ್ಮ ವಿಮೆಯಲ್ಲೇ ಪುಕ್ಕಟೆ ಸೇರುತ್ತಾರೆ. ಸಂಬಳ ದೊಡ್ಡದಿದ್ದರೆ ಖಾಸಗಿ ವಿಮೆ ಮಾಡಿಸಿ ಅಂತ ಏಜೆಂಟರು ಬೆನ್ನು ಹತ್ತುತ್ತಾರೆ, ಕಿವಿಗೊಡಬೇಡಿ. ಅಲ್ಲಿ ತಲೆಗೊಂದು ಕಂತು. ವಿಮಾನದವರು ಸಾಮಾನ್ಯವಾಗಿ 28 ವಾರ ದಾಟಿದರೆ ಡಾಕ್ಟರ ಪತ್ರ ಕೇಳುತ್ತಾರೆ, 36 ದಾಟಿದರೆ ಹತ್ತಿಸುವುದಿಲ್ಲ.

ಬಾಣಂತನದ ಚಿಂತೆ ಎಲ್ಲರಿಗೂ ಇರುತ್ತದೆ. ಅಮ್ಮನನ್ನೋ ಅತ್ತೆಯನ್ನೋ ಕರೆಸಿಕೊಳ್ಳಬಹುದು. ಷೆಂಗೆನ್ (ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ಆದ) ವಿಸಿಟ್ ವೀಸಾ 180 ದಿನಗಳಲ್ಲಿ 90 ದಿನ ಇರಲು ಬಿಡುತ್ತದೆ, ನಮ್ಮ ಕಡೆಯ ಬಾಣಂತನಕ್ಕೆ ಸರಿಯಾಗಿ ಮೂರು ತಿಂಗಳು! ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ನನ್ನ ಅತ್ತೆ ಹಾಗೇ ಬಂದರು. ಬಚ್ಚಲಲ್ಲಿ ಹಂಡೆ ಇಲ್ಲ, ಒಲೆ ಇಲ್ಲ ಅಂತ ಮೊದಲ ವಾರವೆಲ್ಲ ಗೊಣಗಿದರು, ಆಮೇಲೆ ಕಷಾಯಕ್ಕೆ ಕುತ್ತುಂಬರಿ ಎಲ್ಲಿ ಸಿಗುತ್ತದೆ ಅಂತ ನನಗಿಂತ ಚೆನ್ನಾಗಿ ತಿಳಿದುಕೊಂಡರು. ಜೊತೆಗೆ ಹೆಬಾಮೆ ಅನ್ನುವ ಸೂಲಗಿತ್ತಿ ಮನೆಗೇ ಬಂದು ತಾಯಿ-ಮಗುವನ್ನು ನೋಡುತ್ತಾಳೆ, ಖರ್ಚು ವಿಮೆಯದ್ದು. ಅವರು ಸಿಗುವುದು ಕಷ್ಟ, ಗರ್ಭ ಖಾತ್ರಿಯಾದ ಕೂಡಲೇ ಫೋನ್ ಹಚ್ಚಲು ಶುರುಮಾಡಿ. ಇಲ್ಲಿ ಹುಟ್ಟಿತು ಅಂತ ಮಗು ಜರ್ಮನ್ ಆಗುವುದಿಲ್ಲ. ಅದಕ್ಕೆ ನಿಮ್ಮಲ್ಲಿ ಒಬ್ಬರು 5 ವರ್ಷ ಇಲ್ಲಿದ್ದು ಕಾಯಂ ವಾಸದ ಹಕ್ಕು ಪಡೆದಿರಬೇಕು. ಇಲ್ಲದಿದ್ದರೆ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟ್‌ನಲ್ಲಿ ಜನನ ನೋಂದಾಯಿಸಿ.

ಹೆಂಡತಿಯ ನರ್ಸ್ ಕೆಲಸದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಇಲ್ಲಿ ಹೆಚ್ಚು ಬೇಡಿಕೆ ಇರುವವರು ನೀವಲ್ಲ, ಅವರು! ಆದರೆ ನರ್ಸಿಂಗ್‌ಗೆ ಇಲ್ಲಿಯ ಮಾನ್ಯತೆ ಬೇಕು, ಜೊತೆಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು ಜರ್ಮನ್. ಓದಿನಲ್ಲಿ ಕೊರತೆ ಕಂಡರೆ ತರಬೇತಿ ಇಲ್ಲವೇ ಪರೀಕ್ಷೆ. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಿ2 ಓದುವುದು ಸುಲಭವಲ್ಲ, ಕಾರವಾರದಲ್ಲಿ ಇರುವಾಗಲೇ ಆನ್‌ಲೈನ್ ಕ್ಲಾಸ್ ಶುರುವಾಗಲಿ.

ಅಪ್ಪ-ಅಮ್ಮನ ವಿಷಯಕ್ಕೆ ಚಂದದ ಉತ್ತರ ಇಲ್ಲ. 2024ರ ಮಾರ್ಚ್ 1ರ ನಂತರ ಮೊದಲ ಸಲ ಬ್ಲೂ ಕಾರ್ಡ್‌ನಂಥ ಪರವಾನಗಿ ಪಡೆದವರು ತಂದೆ-ತಾಯಿಯನ್ನು ಕರೆಸಬಹುದು ಅಂತ ಕಾನೂನು ಬಂದಿದೆ. ಮೊದಲೇ ಬಂದ ನನಗೆ ಅದಿಲ್ಲ, ನಿಮಗಿದೆ. ಆದರೆ ಅವರ ಪೂರ್ತಿ ಖರ್ಚು, ಆರೋಗ್ಯ ವಿಮೆ ಎಲ್ಲ ನಿಮ್ಮದೇ. ಆ ವಯಸ್ಸಿಗೆ ವಿಮೆಯ ಕಂತು ಕೇಳಿದರೆ ಎದೆ ಒಡೆಯುತ್ತದೆ. ಮತ್ತೆ, ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವುದು ಬಿಟ್ಟು ನಿಮ್ಮ ಅಪ್ಪ ಇಲ್ಲಿಯ ನಾಲ್ಕನೇ ಮಹಡಿಯಲ್ಲಿ ಕೂರುತ್ತಾರಾ? ನನ್ನ ಆಯಿ ಅಂತೂ ಒಪ್ಪಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹೃದಯದ್ದೋ ತಲೆಯದ್ದೋ ದೊಡ್ಡ ತೊಂದರೆಯಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು, ಅಲ್ವಾ? ರಾತ್ರಿ ಹೊತ್ತು ಕಾರು ಯಾರು ತೆಗೆಯುತ್ತಾರೆ ಅನ್ನುವುದನ್ನು ಅಕ್ಕಪಕ್ಕದವರ ಹತ್ತಿರ ಮಾತಾಡಿಯೇ ಹೊರಡಿ.

ತೋಟ ಮಾರಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಅನಿವಾಸಿ ಭಾರತೀಯರು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಈಗಾಗಲೇ ಇರುವುದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬರುವುದನ್ನೂ ಪಡೆಯಬಹುದು. ಈಗ ಮಾರಿದರೆ ಇಲ್ಲಿ ಕೂತುಕೊಂಡು ಮತ್ತೆ ತೋಟ ಕೊಳ್ಳಲು ಆಗುವುದಿಲ್ಲ. ಬ್ಯಾಂಕಿನ ಉಳಿತಾಯ ಖಾತೆಯನ್ನು ಮಾತ್ರ ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಿ.

ಕಾಗದಪತ್ರದಲ್ಲಿ ನಮ್ಮವರ ದೊಡ್ಡ ಗೋಳು ಹೆಸರು. ಮಾರ್ಕ್ಸ್‌ಕಾರ್ಡ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಹೆಗಡೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು. ಎಲ್ಲ ಒಂದೇ ಮಾಡಿಸಿ. ಮದುವೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿಲ್ಲ ಅಂದರೆ ಈ ವಾರವೇ ಹೋಗಿ. ನಿಮ್ಮ ಡಿಗ್ರಿ, ಯೂನಿವರ್ಸಿಟಿ ಎರಡೂ ಅನಾಬಿನ್ ಅನ್ನುವ, ಜರ್ಮನಿ ಮಾನ್ಯ ಮಾಡುವ ಹೊರದೇಶದ ಡಿಗ್ರಿಗಳ ಪಟ್ಟಿಯಲ್ಲಿವೆಯಾ ಅಂತಲೂ ನೋಡಿಕೊಳ್ಳಿ.

ಇವತ್ತು ಕಂಪನಿಯ ಎಚ್‌ಆರ್‌ಗೆ ಒಂದು ಮೇಲ್ ಹಾಕಿ: ಬ್ಲೂ ಕಾರ್ಡ್‌ಗೇ ಅರ್ಜಿ ಹಾಕುತ್ತೀರಾ, ಹೆಂಡತಿಯ ವೀಸಾ ಜೊತೆಗೇ ಆಗುತ್ತದಾ, ಮೊದಲ ಕೆಲವು ತಿಂಗಳಿಗೆ ಇಬ್ಬರಿಗಾಗುವ ಮನೆ ಕೊಡಿಸುತ್ತೀರಾ ಅಂತ. ಬಾಡಿಗೆ ಮನೆ ಹುಡುಕುವುದೇ ಇಲ್ಲಿ ಅತಿ ಕಷ್ಟದ ಕೆಲಸ. ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಈಗಿನ ಕೆಲಸ ಬಿಡಬೇಡಿ. ಹೆಂಡತಿಯ ರಾಜೀನಾಮೆ ಅಂತೂ ಅವರ ಪಾಸ್‌ಪೋರ್ಟ್‌ಗೆ ವೀಸಾ ಅಂಟಿದ ಮೇಲೆಯೇ.