ಹೊಸತೊಡಕಿಗೆ ಸಣ್ಣ ವೈನರಿಯಿಂದ ವೈನ್ ತರ್ತಿದ್ದೀನಿ. ಮಟನ್‌ಗೆ ರೆಡ್, ಮೀನಿಗೆ ವೈಟ್, ಅಷ್ಟೇ ಅಲ್ವಾ?

ಅಲ್ಲ. ದಯವಿಟ್ಟು ಆ ಕೆಲಸ ಮಾಡಬೇಡಿ.

ಹನ್ನೆರಡು ಜನ, ಮಟನ್ ಸಾರು, ಮುದ್ದೆ, ಮೀನು ಫ್ರೈ, ನಂದಿ ಬೆಟ್ಟದ ಕಡೆಯಿಂದ ನಾಲ್ಕು ರೆಡ್ ಎರಡು ವೈಟ್ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೇ ನಗು ಬಂತು. ಮೂರು ವರ್ಷದ ಹಿಂದೆ ನಾನು ತಂದಿದ್ದೂ ನಾಲ್ಕು ರೆಡ್, ಎರಡು ವೈಟ್. ಹಬ್ಬವೂ ಅದೇ. ನಮ್ಮಮ್ಮ ಅದಾದ ಮೇಲೆ ಎಂಟು ತಿಂಗಳು ನಮ್ಮನೇಲಿ ಮಟನ್ ಮಾಡಲಿಲ್ಲ.

ಆ ವರ್ಷ ಮಾರ್ಚ್ ಮೊದಲನೇ ಶನಿವಾರ ನಾನೂ ನಮ್ಮವರೂ ದೊಡ್ಡಬಳ್ಳಾಪುರದ ಆಚೆ ಒಂದು ಸಣ್ಣ ವೈನರಿಗೆ ಹೋಗಿದ್ದೆವು. ದ್ರಾಕ್ಷಿ ಕೊಯ್ಲು ಇನ್ನೂ ನಡೀತಿತ್ತು. ತೋಟ ಸುತ್ತಿಸಿದರು, ಸ್ಟೀಲ್ ಟ್ಯಾಂಕ್ ತೋರಿಸಿದರು, ಮರದ ಪೀಪಾಯಿ ಇಟ್ಟಿದ್ದ ತಣ್ಣನೆ ಕೋಣೆಯಲ್ಲಿ ನಿಲ್ಲಿಸಿ ಒಂದಷ್ಟು ಹೇಳಿದರು. ಆಮೇಲೆ ಒಂದು ಉದ್ದ ಮೇಜು, ತಲೆಗೆ ನಾಲ್ಕು ಗ್ಲಾಸು, ಒಂದು ತಟ್ಟೆ ಚೀಸ್ ತುಂಡು, ಉಪ್ಪು ಬಿಸ್ಕತ್ತು.

ಮೊದಲು ಸೋವಿನ್ಯೋಂ ಬ್ಲಾಂಕ್ ಅನ್ನೋ ವೈಟ್. ಹಸಿ ಕ್ಯಾಪ್ಸಿಕಂ ಕೊಯ್ದಾಗ ಬರುತ್ತಲ್ಲ, ಆ ವಾಸನೆ. ಚೆನ್ನಾಗಿ ಹುಳಿ. ಆಮೇಲೆ ಶೆನಿನ್ ಬ್ಲಾಂಕ್, ಅದೂ ವೈಟೇ, ಕೊನೇಲಿ ಒಂಚೂರು ಸಿಹಿ ಉಳಿಸಿದ್ದು. ಆಮೇಲೆ ರೆಡ್‌ಗಳು, ಮೊದಲು ಶಿರಾಜ್. ಕಡೆಗೆ ಪೀಪಾಯಿಯಲ್ಲಿ ಒಂದು ವರ್ಷ ಇಟ್ಟಿದ್ದ ಕ್ಯಾಬರ್ನೆ ಸೋವಿನ್ಯೋಂ. ಚೀಸ್ ಕಚ್ಚಿ ಕ್ಯಾಬರ್ನೆ ಕುಡಿದರೆ ಸ್ವರ್ಗ. ಗ್ಲಾಸಿಗೆ ಹಾಕುತ್ತಿದ್ದ ಹುಡುಗ "ಮನೇಲಿ ಏನು ಅಡುಗೆ ಮೇಡಂ?" ಅಂದ. "ಹೊಸತೊಡಕು, ಮಟನ್" ಅಂದೆ. "ಹಾಗಾದ್ರೆ ಇದೇ ತಗೊಳ್ಳಿ" ಅಂತ ಕ್ಯಾಬರ್ನೆ ತೋರಿಸಿದ. ಅವನ ತಪ್ಪಿಲ್ಲ. ನಾನು ಮಟನ್ ಅಂದಾಗ ಅವನ ತಲೆಗೆ ಬಂದಿದ್ದು ಸುಟ್ಟ ಮಾಂಸದ ತುಂಡು. ನನ್ನ ತಲೇಲಿದ್ದದ್ದು ಅಮ್ಮನ ಸಾರು. ಐದು ಸಾವಿರದ ಮೇಲೆ ಬಿಲ್ಲಾಯ್ತು.

ಹಬ್ಬದ ದಿನ ನಮ್ಮವರು ಬೆಳಗಿನ ಜಾವ ನಾಲ್ಕೂವರೆಗೆ ಹೋಗಿ ಮಟನ್ ಅಂಗಡಿ ಕ್ಯೂನಲ್ಲಿ ನಿಂತಿದ್ದರು. ಅಮ್ಮ ಹಿಂದಿನ ರಾತ್ರಿಯೇ ಮದ್ದೂರಿಂದ ಬಂದಿದ್ದರು, ಖಾರದ ಪುಡಿ ಡಬ್ಬಿ ಸಮೇತ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಅಳತೆ ಅವರ ಕೈಯದ್ದು. ಮಧ್ಯಾಹ್ನ ಒಂದಕ್ಕೆ ಅತ್ತೆ, ಮಾವ, ಭಾವ, ಓರಗಿತ್ತಿ ಎಲ್ಲ ಬಂದರು. ನಾನು ಜಂಬದಿಂದ ಎರಡು ಕ್ಯಾಬರ್ನೆ ತೆಗೆದೆ. ಮಾವ ಒಂದು ಗುಟುಕು ಕುಡಿದು ಮುಖ ನೋಡಿದರು. "ವೈನ್ ಅಂದ್ರೆ ಸಿಹಿ ಇರಲ್ವೇನಮ್ಮ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಬಿಡಿ. ಅವರ ಕಾಲದಲ್ಲಿ ಇಲ್ಲಿ ವೈನ್ ಅಂದರೆ ಹೆಚ್ಚಾಗಿ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ, ಪೋರ್ಟ್ ಅನ್ನೋ ಸಿಹಿ ವೈನೇ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯೋ ಆ ಕಪ್ಪು ದ್ರಾಕ್ಷಿಗೆ ಆಮೇಲೆ ಜಿಐ ಟ್ಯಾಗ್, ಅಂದರೆ ಇದು ಆ ಕಡೆಯದೇ ಬೆಳೆ ಅನ್ನೋ ಸರ್ಕಾರಿ ಗುರುತು ಕೂಡ ಸಿಕ್ಕಿದೆ. ನಂದಿ ಬೆಟ್ಟದ ಬುಡದಲ್ಲಿ ಫ್ರೆಂಚ್ ತಳಿ ಬೆಳೆದು ವೈನ್ ಮಾಡೋಕೆ ಗ್ರೋವರ್ ಕಂಪನಿ ಶುರುವಾಗಿದ್ದೇ 1988ರಲ್ಲಿ. ಸಣ್ಣ ವೈನರಿಗಳು ಜಾಸ್ತಿಯಾಗಿದ್ದು ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ.

ಇರಲಿ. ಸಾರು ಬಡಿಸಿದೆವು. ಎರಡು ತುತ್ತು ಮುದ್ದೆ, ಒಂದು ಗುಟುಕು ವೈನ್. ಭಾವನ ಹಣೆ ಮೇಲೆ ಬೆವರು. ನಮ್ಮವರು ನೀರಿನ ಚೊಂಬು ಹತ್ತಿರ ಎಳಕೊಂಡರು. ಮಾವ ಮೆಲ್ಲಗೆ ಹೇಳಿದರು: "ಬೀಗ್ತಿಯವರ ಕೈಗೆ ಈ ಸಲ ಖಾರ ಸ್ವಲ್ಪ ಮುಂದಾಗಿದೆ."

ಅಮ್ಮ ಏನೂ ಮಾತಾಡಲಿಲ್ಲ. ಸೌಟನ್ನ ಪಾತ್ರೆಯೊಳಗೆ ಇಟ್ಟು ಅಡುಗೆಮನೆಗೆ ಹೋದರು. ನಲವತ್ತು ವರ್ಷದಲ್ಲಿ ಅವರ ಸಾರಿಗೆ ಯಾರೂ ಆ ಮಾತು ಅಂದಿರಲಿಲ್ಲ. ಅದೂ ಬೀಗರ ಬಾಯಲ್ಲಿ! ಅತ್ತೆ ಮಾತ್ರ "ನಂಗೇನೂ ಅನ್ನಿಸ್ಲಿಲ್ವಲ್ಲ" ಅಂದರು. ಅತ್ತೆ ವೈನ್ ಮುಟ್ಟಿರಲಿಲ್ಲ. ಓರಗಿತ್ತಿಯೂ ಅಷ್ಟೇ, ಸುಮ್ನೆ ಎರಡನೇ ಸಲ ಸಾರು ಹಾಕಿಸಿಕೊಂಡಳು. ಅಲ್ಲೇ ನನಗೆ ಹೊಳೀಬೇಕಿತ್ತು. ಹೊಳೀಲಿಲ್ಲ. ಪಾಪ, ಅತ್ತೆ ಅಮ್ಮನ ಮನಸ್ಸು ನೋಯಬಾರದು ಅಂತ ಹೇಳ್ತಿದ್ದಾರೆ ಅಂದುಕೊಂಡೆ.

ಮಾರನೇ ದಿನ ಉಳಿದ ಸಾರು ಬಿಸಿ ಮಾಡಿ ಅನ್ನಕ್ಕೆ ಹಾಕಿಕೊಂಡೆ. ಎಲ್ಲ ವರ್ಷದ ಹಾಗೇ ಇತ್ತು. ಒಂದು ಕಾಳು ಖಾರ ಜಾಸ್ತಿ ಇಲ್ಲ. ಫ್ರಿಡ್ಜ್ ಮೇಲಿದ್ದ ಅರ್ಧ ಬಾಟಲಿ ಕ್ಯಾಬರ್ನೆ ಒಂದು ಗುಟುಕು ಕುಡಿದು ಮತ್ತೆ ಒಂದು ತುತ್ತು ತಿಂದೆ. ನಾಲಿಗೆ ಉರಿದುಹೋಯ್ತು.

ನನ್ನ ತಪ್ಪು ಸ್ವಲ್ಪ ಬಿಡಿಸಿ ಹೇಳ್ತೀನಿ. ನೀವು ಮಾಡೋಕೆ ಹೊರಟಿರೋದೂ ಅದೇ.

ರೆಡ್ ವೈನ್‌ನಲ್ಲಿ ಒಗರು ಇರುತ್ತೆ. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬಂದಿದ್ದು, ಸ್ವಲ್ಪ ಪೀಪಾಯಿಯಿಂದ. ಟ್ಯಾನಿನ್ ಅಂತಾರೆ. ಹಸಿ ಅಡಿಕೆ ಅಗಿದರೆ, ಕಡಕ್ ಡಿಕಾಕ್ಷನ್ ಕುಡಿದರೆ ಬಾಯಿ ಎಳೆದ ಹಾಗೆ ಆಗುತ್ತಲ್ಲ, ಅದೇ. ಅದು ಜೊಲ್ಲಿನಲ್ಲಿರೋ ಪ್ರೋಟೀನ್ ಹಿಡಿದು ಬಾಯಿಯ ಜಾರುತನ ತೆಗೆದುಬಿಡುತ್ತೆ. ಚೀಸ್ ಜೊತೆ ತಿಂದರೆ ಟ್ಯಾನಿನ್ ಚೀಸಿನ ಪ್ರೋಟೀನನ್ನೂ ಹಿಡಿಯುತ್ತೆ, ಕೊಬ್ಬು ನಾಲಿಗೆಗೆ ಎಣ್ಣೆ ಸವರಿದ ಹಾಗೆ ಕೂರುತ್ತೆ. ಅದಕ್ಕೇ ವೈನರಿಯಲ್ಲಿ ಸ್ವರ್ಗ ಅನ್ನಿಸಿದ್ದು. ಆ ತಟ್ಟೆಯಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ!

ಈಗ ಖಾರಕ್ಕೆ ಬನ್ನಿ. ಖಾರ ರುಚಿಯಲ್ಲ, ಉರಿ. ಬಿಸಿ ಮುಟ್ಟಿದರೆ ಕೂಗೋ ನರಗಳೇ ಮೆಣಸಿನಕಾಯಿಗೂ ಕೂಗೋದು. ಆ ಗುಟ್ಟು ಬಿಡಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಆಲ್ಕೋಹಾಲ್ ಬಿದ್ದರೆ ಆ ನರ ಇನ್ನೂ ಬೇಗ ಕೂಗುತ್ತೆ. ನನ್ನ ಕ್ಯಾಬರ್ನೆಯಲ್ಲಿ ಆಲ್ಕೋಹಾಲ್ ಶೇಕಡಾ 14 ಇತ್ತು. ಒಂದು ಕಡೆ ಒಗರು ಬಾಯಿ ಒಣಗಿಸ್ತು, ಇನ್ನೊಂದು ಕಡೆ ಆಲ್ಕೋಹಾಲ್ ಉರಿಗೆ ಗಾಳಿ ಹಾಕ್ತು. ಮಧ್ಯದಲ್ಲಿ ಪಾಪ ಗುಂಟೂರು ಮೆಣಸಿನಕಾಯಿ, ಅದರ ಕೆಲಸ ಅದು ಮಾಡ್ತಿತ್ತು ಅಷ್ಟೇ.

ಇದಕ್ಕೆ ನಾನು ಇನ್ನೊಂದು ಸೇರಿಸಿದೆ. ರೆಡ್ ವೈನ್ ಕೋಣೆಯ ಬಿಸಿಯಲ್ಲೇ ಕೊಡಬೇಕು ಅಂತ ಎಲ್ಲೋ ಓದಿದ್ದೆ. ಅದು ಯಾರ ಕೋಣೆ? ಯುರೋಪಿನ ಹಳೇ ಕಲ್ಲಿನ ಮನೆಯದು, 16ರಿಂದ 18 ಡಿಗ್ರಿ. ನಮ್ಮನೆ ಮೇಲಿನ ಮಹಡಿ, ಯುಗಾದಿ ಬಿಸಿಲು, ಒಳಗೇ 31 ಡಿಗ್ರಿ. ಬಿಸಿ ವೈನ್‌ನಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತೆ, ಹಣ್ಣಿನ ಪರಿಮಳ ಎಲ್ಲೋ ಅಡಗಿಬಿಡುತ್ತೆ. ಹಾಗಾಗಿ ನೀವು ಯಾವ ರೆಡ್ ತಂದರೂ ತೆಗೆಯೋ ಮುಂಚೆ ಮುಕ್ಕಾಲು ಗಂಟೆ ಫ್ರಿಡ್ಜಲ್ಲಿಡಿ. ಯಾರಾದರೂ ನಕ್ಕರೆ ನಗಲಿ. ತರುವಾಗ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಮಧ್ಯಾಹ್ನ ಎಲ್ಲೂ ಊಟಕ್ಕೆ ನಿಲ್ಲಬೇಡಿ.

ಈಗ ನಿಮ್ಮ ಪ್ರಶ್ನೆ. ಮಾಂಸ ಕೆಂಪೋ ಬಿಳಿಯೋ ಅಂತ ನೋಡಿ ವೈನ್ ಆರಿಸೋ ಲೆಕ್ಕ ಬರೀ ಉಪ್ಪು, ಬೆಣ್ಣೆ ಹಾಕಿ ಮಾಡೋ ಅಡುಗೆಯವರದ್ದು. ನಮ್ಮಲ್ಲಿ ಮಟನ್‌ಗೂ ಕೋಳಿಗೂ ಅದೇ ಮಸಾಲೆ ಅರೆದರೆ ನಾಲಿಗೆಗೆ ಮೊದಲು ಸಿಗೋದು ಮಸಾಲೆ. ಅದಕ್ಕೆ ಮಸಾಲೆ ನೋಡಿ ಆರಿಸಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳ್ತೀನಿ, ಬೈಬೇಡಿ: ಮುದ್ದೆ ಸಾರಿಗೆ ವೈನ್ ಬೇಡವೇ ಬೇಡ. ಮುದ್ದೆ ಅಗಿಯಲ್ಲ, ನುಂಗ್ತೀವಿ. ಸಾರಲ್ಲಿ ಅದ್ದಿದ ತುತ್ತು ಗಂಟಲಲ್ಲಿ ಇಳಿಯುವಾಗ ನಡುವೆ ವೈನ್‌ಗೆ ಜಾಗ ಎಲ್ಲಿ? ಊಟಕ್ಕೆ ಮುಂಚೆ ಒಂದು ಗಂಟೆ ಇರುತ್ತಲ್ಲ, ಗಂಡಸರು ಹಾಲ್‌ನಲ್ಲಿ ಕೂತು ಎಷ್ಟೊತ್ತಿಗೆ ಬಡಿಸ್ತಾರೆ ಅಂತ ಕಾಯೋ ಹೊತ್ತು, ವೈನ್‌ಗೆ ಅದೇ ಸರಿ. ಎಲೆ ಹಾಕಿದ ಮೇಲೆ ಗ್ಲಾಸ್ ಎತ್ತಿಬಿಡಿ.

ಆ ಹೊತ್ತಿಗೆ ಏನು ಕೊಡ್ತೀರಿ ಅನ್ನೋದು ಮುಖ್ಯ. ಮೀನು ಫ್ರೈಗೆ ಸೋವಿನ್ಯೋಂ ಬ್ಲಾಂಕ್ ತುಂಬಾ ಚೆನ್ನಾಗಿ ಹೋಗುತ್ತೆ, ನಿಂಬೆಹಣ್ಣು ಹಿಂಡಿದ ಹಾಗೆ. ಖಾರದ ಪುಡಿ ಕಡಿಮೆ ಮಾಡಿ ರವೆಯಲ್ಲಿ ಹೊರಳಿಸಿ ಕರೀರಿ. ಕೋಳಿ ಕಬಾಬ್, ಚಿಲ್ಲಿ ಚಿಕನ್, ಇಂಥದ್ದಕ್ಕೆ ಶೆನಿನ್ ಬ್ಲಾಂಕ್, ಅದೂ ಸ್ವಲ್ಪ ಸಿಹಿ ಇರೋದು, ಚೆನ್ನಾಗಿ ತಣ್ಣಗೆ. ಸಿಹಿ ಉರಿ ತಗ್ಗಿಸುತ್ತೆ. ನಮ್ಮ ಮಾವನಿಗೆ ಹಿಡಿಸಿದ್ದೂ ಅದೊಂದೇ. ಅವತ್ತು ಸಾಯಂಕಾಲ ಫ್ರಿಡ್ಜಲ್ಲಿ ಮರೆತಿದ್ದ ಶೆನಿನ್ ತೆಗೆದಾಗ "ಇದನ್ನ ಮೊದ್ಲೇ ಕೊಡಬಾರದಿತ್ತೇ?" ಅಂದರು. ಬಿಳಿ ವೈನ್ ಬಾಟಲಿ ಮೇಲೆ ವರ್ಷ ನೋಡಿಕೊಳ್ಳಿ. ಈ ಎರಡೂ ಹೊಸದಿದ್ದಾಗಲೇ ಚೆಂದ. ಮೂರು ನಾಲ್ಕು ವರ್ಷದ ಹಳೇ ಸ್ಟಾಕನ್ನ ರಿಯಾಯಿತಿಯಲ್ಲಿ ಕೊಟ್ಟರೆ ಬೇಡ ಅನ್ನಿ.

ರೆಡ್ ಬೇಕೇ ಬೇಕು ಅಂದರೆ ಒಂದೇ ಒಂದು ಶಿರಾಜ್ ತನ್ನಿ. ಜೊತೆಗೆ ಮಟನ್ ಚಾಪ್ಸ್ ಮಾಡಿ, ಒಣಮೆಣಸಿನಕಾಯಿ ಮುಟ್ಟದೆ, ಕಾಳುಮೆಣಸು ಕುಟ್ಟಿ, ತುಪ್ಪದಲ್ಲಿ ಹುರಿದು. ಒಳ್ಳೇ ಶಿರಾಜ್‌ನಲ್ಲೇ ಕಾಳುಮೆಣಸಿನ ವಾಸನೆ ಇರುತ್ತೆ, ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತೆ. ಕೊಡಗಿನ ಗೆಳತಿ ಮನೇಲಿ ಕಾಚಂಪುಳಿ ಅನ್ನೋ ಅಲ್ಲಿನ ಕಪ್ಪು ಹುಳಿ ಹಾಕಿದ ಪಂದಿ ಕರಿ, ಅಂದರೆ ಹಂದಿ ಮಾಂಸದ ಜೊತೆ ಕುಡಿದಿದ್ದೆ. ಅಂಥ ಜೋಡಿ ನಾನು ಬೇರೆ ಕಂಡಿಲ್ಲ. ಕ್ಯಾಬರ್ನೆ ಮಾತ್ರ ಈ ಹಬ್ಬಕ್ಕೆ ಬೇಡ. ನಿಮ್ಮ ಲಿಸ್ಟ್ ತಿರುಗಿಸಿ: ಐದು ವೈಟ್, ಒಂದು ರೆಡ್.

ಹಾಂ, ಸಾರಿನ ಖಾರ ಕಡಿಮೆ ಮಾಡಲಾ ಅಂತಾನೂ ಕೊನೇಲಿ ಕೇಳಿದ್ದೀರಿ. ಅದನ್ನಂತೂ ಮುಟ್ಟಬೇಡಿ. ವರ್ಷಕ್ಕೊಂದು ಹೊಸತೊಡಕು. ಬೇಕಾದರೆ ವೈನ್ ಬಿಡಿ.

ಆವತ್ತಿನ ಸಾರಿನ ಕಥೆ ಅಮ್ಮನಿಗೆ ನಾನು ಫೋನ್‌ನಲ್ಲಿ ಹೇಳಿದರೆ ನಂಬಲಿಲ್ಲ. "ನಿನ್ನ ವೈನ್ ಮೇಲೆ ಹಾಕಿ ನನ್ನ ಸಮಾಧಾನ ಮಾಡ್ಬೇಡ ಕಣೇ" ಅಂದರು. ದೀಪಾವಳಿ ಮುಗಿದ ಮೇಲೆ ಬಂದಾಗ ಉಳಿದಿದ್ದ ಕ್ಯಾಬರ್ನೆ ತೆಗೆದು ಒಂದು ಚಮಚ ಕುಡಿಸಿದೆ, ಹಿಂದೆಯೇ ಅವರದ್ದೇ ಸಾರು ಒಂದು ಚಮಚ. ಕಣ್ಣು ಮುಚ್ಚಿ ಉಸಿರು ಎಳಕೊಂಡರು. ಆಮೇಲೆ ಸೀದಾ ಫೋನ್ ತಗೊಂಡು ನಮ್ಮತ್ತೆಗೆ ಹಚ್ಚಿದರು.