ಕಾಸರಗೋಡಿನ ಮ್ಯಾನೇಜರನಿಗೆ ಚರಿತ್ರೆಯ ಉಸಾಬರಿ ಯಾಕೆ?

ಬೆಂಗಳೂರಿನ ಗೆಳೆಯರೊಬ್ಬರು ಕೇಳಿದರು: "ಪತ್ರಿಕೆಯಲ್ಲಿ ಮ್ಯಾನೇಜರ್ ಕೆಲಸ ಇದೆ, ಸಂಬಳ ಬರುತ್ತೆ. ಕೇರಳದಲ್ಲಿ ಕೂತು ಕನ್ನಡದಲ್ಲಿ ಊರಿನ ಚರಿತ್ರೆ ಅಚ್ಚು ಹಾಕಿಸೋ ಉಸಾಬರಿ ಯಾಕೆ?" ಜೊತೆಗೆ, "ಮಲಯಾಳಿಯಾದ್ರೂ ಕನ್ನಡ ಚೆನ್ನಾಗಿ ಬರೀತೀರಿ" ಅನ್ನುವ ಶಹಬ್ಬಾಸ್‌ಗಿರಿ ಬೇರೆ.

ಸ್ವಾಮೀ, ನಾವು ಎಲ್ಲಿಂದಲೂ ಬಂದವರಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1956ರ ಅಕ್ಟೋಬರ್ 31ರ ರಾತ್ರಿ ನನ್ನಜ್ಜ ಮಲಗಿದ್ದು ಮದ್ರಾಸ್ ರಾಜ್ಯದಲ್ಲಿ, ಬೆಳಿಗ್ಗೆ ಎದ್ದದ್ದು ಕೇರಳದಲ್ಲಿ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ, ಗಡಿ ವಿವಾದಕ್ಕೆಂದೇ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆಮೇಲೇನಾಯ್ತು ಅಂತ ಮಾತ್ರ ಕೇಳಬೇಡಿ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪಟ್ಟ ಕೊಟ್ಟದ್ದೂ ಮದ್ರಾಸ್ ಸರ್ಕಾರವೇ. ಅವರು ಕವಿತೆಯ ಜೊತೆಗೆ ಇತಿಹಾಸದ ಸಂಶೋಧನೆಯಲ್ಲೂ ಮುಳುಗಿದವರು. ಹಾಗಾಗಿ ಈ ಹುಚ್ಚು ನನ್ನಿಂದ ಶುರುವಾದದ್ದಲ್ಲ.

ನನ್ನ ಹಗಲು ಹೋಗುವುದು ಜಾಹೀರಾತು, ಏಜೆಂಟರ ಬಾಕಿ, ಪಾರ್ಸೆಲ್ ಇವುಗಳಲ್ಲೇ. ಆದರೆ ಸಂಪಾದಕರಿಗಿಲ್ಲದ ಒಂದು ದಾರಿ ಮ್ಯಾನೇಜರನ ಮೇಜಿಗಿದೆ: ಶ್ರದ್ಧಾಂಜಲಿ ಜಾಹೀರಾತು. ಅಜ್ಜ ತೀರಿಕೊಂಡ ಮನೆಯವರು ಫೋಟೊ ಹಿಡಿದು ಬರುತ್ತಾರೆ. ರಶೀದಿ ಹರಿಯುತ್ತಾ ಮೆಲ್ಲನೆ ಕೇಳುತ್ತೇನೆ, "ಅಟ್ಟದಲ್ಲಿ ಹಳೆ ಕಾಗದ ಉಂಟಾ? ಸುಡಬೇಡಿ ಆಯ್ತಾ." ಮೂಲಗೇಣಿ, ಚಾಲಗೇಣಿ ಅಂತ ಹಳೆಯ ಜಮೀನು ಗೇಣಿಯ ಚೀಟುಗಳು, ಭತ್ತದ ಲೆಕ್ಕ, ಯಾವುದೋ ತಾಳಮದ್ದಳೆಯ ಕರೆಯೋಲೆ ಸಿಗುತ್ತವೆ. ಮನೆಮಾತು ತುಳುವೋ ಕೊಂಕಣಿಯೋ ಮಲಯಾಳವೋ, ಬರವಣಿಗೆ ಮಾತ್ರ ಕನ್ನಡ. ಇಂಗ್ಲಿಷ್ ಮೀಡಿಯಂನ ಮೊಮ್ಮಗನಿಗೆ ಅದು ಓದಲು ಬರುವುದಿಲ್ಲ. ಗೆದ್ದಲಿಗೆ ಯಾವ ಮೀಡಿಯಂ ಆದರೂ ನಡೆಯುತ್ತದೆ.

ನಿಜವಾದ ಗೋಳು ಪುಸ್ತಕ ಮಾಡಲು ಹೊರಟಾಗ. ಸಹಾಯಧನಕ್ಕೆ ಗಡಿಯಾಚೆಯ ಕಚೇರಿಗೆ ಅರ್ಜಿ ಹಾಕಿದರೆ, ಕರ್ನಾಟಕದ ವಿಳಾಸ ಎಲ್ಲಿ ಅಂತಾರೆ. ಇಲ್ಲಿನ ಕಚೇರಿಗೆ ಹೋದರೆ ಮಲಯಾಳದಲ್ಲಿ ಸಾರಾಂಶ ಕೇಳುತ್ತಾರೆ. ಕಷ್ಟಪಟ್ಟು ಬರೆಸಿ ಕೊಟ್ಟರೆ, "ಪುಸ್ತಕ ಕನ್ನಡದ್ದಲ್ವಾ, ಅಲ್ಲೇ ಕೇಳಿ." ಮತ್ತೆ ಅಲ್ಲಿಗೆ. ಈ ಸಲ ಒಬ್ಬರು ಕರುಣೆಯಿಂದ, "ಹೊರನಾಡ ಕನ್ನಡಿಗರು ಅಂತ ಹಾಕಿ, ಆಗಬಹುದು" ಅಂದರು. ಮುಂಬೈಗೆ, ದುಬೈಗೆ ಹೋದವರ ಸಾಲಿನಲ್ಲಿ ನಿಲ್ಲಬೇಕಂತೆ. ನಾವು ಹೋದದ್ದಾದರೂ ಎಲ್ಲಿಗೆ? ಅಜ್ಜ ನೆಟ್ಟ ಅಡಿಕೆ ತೋಟದಲ್ಲೇ ಇದ್ದೇವೆ. ಸಿಟ್ಟಿನಲ್ಲಿ ಅರ್ಜಿ ವಾಪಸ್ ತಂದೆ. ಮುಂದಿನ ಪುಸ್ತಕಕ್ಕೆ ಮತ್ತೆ ಹಾಕುತ್ತೇನೆ, ಅದೂ ನನಗೆ ಗೊತ್ತು.

ಅಲ್ಲಿಯವರೆಗೆ ಅಡಿಕೆ ವ್ಯಾಪಾರಿಗಳ ಜಾಹೀರಾತು, ಓದುಗರ ಮುಂಗಡ ಹಣ. ಪುಸ್ತಕದ ಕಟ್ಟುಗಳು ಪತ್ರಿಕೆಯ ಬಂಡಲ್ ಜೊತೆಗೇ ಬದಿಯಡ್ಕ, ಪೆರ್ಲ, ಉಪ್ಪಳಕ್ಕೆ ಹೋಗುತ್ತವೆ. ನಿಮಗೂ ಒಂದು ಪ್ರತಿ ಕಳಿಸುತ್ತೇನೆ. ಗೌರವ ಪ್ರತಿ ಅಲ್ಲ, ದುಡ್ಡು ಕೊಡಬೇಕು. ಅಂಚೆ ಖರ್ಚೂ ನಿಮ್ಮದೇ, ಹೊರರಾಜ್ಯ ಅಲ್ವಾ!