ಜ್ಯೂರಿಗೆ ಕರೆ ಬಂದಿದೆ, ಮಕ್ಕಳನ್ನು ಯಾರು ನೋಡಿಕೊಳ್ಳಬೇಕು?

(ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ಹೋದ ವರ್ಷ ಸಿಟಿಜನ್ ಆದೆ. ಈಗ ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ತಂಡಕ್ಕೆ, ಅಂದರೆ ಜ್ಯೂರಿಗೆ, ಬರಬೇಕೆಂದು ಕೌಂಟಿ ಕೋರ್ಟಿನಿಂದ ಸಮನ್ಸ್ ಬಂದಿದೆ. ಮಗಳು ಒಂದನೇ ಕ್ಲಾಸು, ಮಗನಿಗೆ ಎರಡು ವರ್ಷ. ಯಜಮಾನರು ಕೆಲಸದ ಮೇಲೆ ಊರೂರು ತಿರುಗುತ್ತಿರುತ್ತಾರೆ. ದಾವಣಗೆರೆಯಿಂದ ಅತ್ತೆ ಬಂದಿದ್ದಾರೆ, ಆದರೆ ಅವರಿಗೆ ಕಾರು ಓಡಿಸಲು ಬರುವುದಿಲ್ಲ. ನಾನು ಕೋರ್ಟಿಗೆ ಹೋಗಬೇಕೆಂದರೆ ಗಾಬರಿಯಾಗುತ್ತಾರೆ. 'ಇಂಗ್ಲಿಷ್ ಬರಲ್ಲ ಅನ್ನು, ಬಿಟ್ಟುಬಿಡ್ತಾರೆ' ಎನ್ನುತ್ತಾಳೆ ಗೆಳತಿ. ಕೋರ್ಟು ಕೊಡುವ ಪುಡಿಗಾಸು ನೋಡಿದರೆ ಸಿಟ್ಟೇ ಬರುತ್ತದೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆಲ್ಲ ಒಟ್ಟಿಗೇ ವಿನಾಯಿತಿ ಕೊಟ್ಟರೆ ಏನಾಗುತ್ತದೆ? ಅಂದಹಾಗೆ, ಯಜಮಾನರದು ಇನ್ನೂ ಗ್ರೀನ್ ಕಾರ್ಡ್. ಅವರಿಗೂ ಬರುತ್ತದೆಯೇ?")

ಗೆಳತಿಯ ಮಾತು ಕೇಳಬೇಡಿ. ಪೌರತ್ವದ ಸಂದರ್ಶನವನ್ನು ಇಂಗ್ಲಿಷಿನಲ್ಲೇ ಗೆದ್ದು ಬಂದವರು ನೀವು. ವರ್ಷದೊಳಗೆ ಆ ಭಾಷೆ ಮರೆತುಹೋಯಿತೆಂದು ಸಹಿ ಹಾಕಿದರೆ ಅದು ಬರೀ ನೆಪವಲ್ಲ, ಕೋರ್ಟಿಗೆ ಹೇಳಿದ ಸುಳ್ಳು. ಕಾಗದವನ್ನು ಕಸದ ಬುಟ್ಟಿಗೆ ಹಾಕುವುದೂ ಬೇಡ. ದಂಡ 1,500 ಡಾಲರ್‌ವರೆಗೂ ಬೀಳಬಹುದು.

ಅತ್ತೆಯವರ ಗಾಬರಿ ಸಹಜವೇ. ನಮ್ಮ ಕಡೆ ಜ್ಯೂರಿ ಎಂದರೆ ಹಿರಿಯರಿಗೆ ನೆನಪಾಗುವುದು, ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಮೊಕದ್ದಮೆ. 1959ರಲ್ಲಿ ಬೊಂಬಾಯಿಯ ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ 'ನಿರ್ದೋಷಿ' ಎಂದರು, ಹೈಕೋರ್ಟು ಅದನ್ನು ತಳ್ಳಿಹಾಕಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಸೊಸೆ ಹೋಗುವುದು ಕಟಕಟೆಗಲ್ಲ, ತೀರ್ಪು ಹೇಳುವವರ ಸಾಲಿಗೆ ಎಂದು ಅವರಿಗೆ ಬಿಡಿಸಿ ಹೇಳಿ.

ಒಟ್ಟಿಗೇ ವಿನಾಯಿತಿ ಕೊಟ್ಟರೆ ಏನಾಗುತ್ತದೆ ಎಂದಿರಿ. ಅದೂ ಒಂದು ಕಾಲದಲ್ಲಿ ಇತ್ತು, ಅದರಿಂದ ಏನಾಯಿತೆಂಬುದೂ ದಾಖಲೆಯಲ್ಲಿದೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಹೆಂಗಸರು ತಾವಾಗಿಯೇ ಹೋಗಿ ಹೆಸರು ಬರೆಸಿದರಷ್ಟೇ ಜ್ಯೂರಿ ಪಟ್ಟಿಗೆ ಸೇರುತ್ತಿದ್ದರು. ಗಂಡನನ್ನು ಕೊಂದ ಆರೋಪ ಹೊತ್ತ ಗ್ವೆಂಡೊಲಿನ್ ಹಾಯ್ಟ್ ಎಂಬಾಕೆಯ ವಿಚಾರಣೆಗೆ ಕೂತವರೆಲ್ಲ ಗಂಡಸರು. ಆಕೆ ಸುಪ್ರೀಂ ಕೋರ್ಟಿನವರೆಗೆ ಹೋದರೂ 1961ರಲ್ಲಿ ನ್ಯಾಯಮೂರ್ತಿಗಳು ಆ ಕಾನೂನನ್ನೇ ಎತ್ತಿಹಿಡಿದರು: ಮನೆ, ಸಂಸಾರದ ಕೇಂದ್ರ ಹೆಣ್ಣೇ, ಆಕೆಗೆ ತೊಂದರೆ ಕೊಡುವುದೇಕೆ ಎಂಬ ಧಾಟಿಯಲ್ಲಿ. ಕೇಳಲು ಎಷ್ಟು ಅಕ್ಕರೆ! ಆ ಅಕ್ಕರೆಯ ಫಲವಾಗಿ, ಗಂಡನೊಡನೆ ಬಾಳಿದ ಹೆಣ್ಣಿನ ಪಾಡು ತಿಳಿದ ಒಬ್ಬಳೂ ಆ ಕೋಣೆಯಲ್ಲಿರಲಿಲ್ಲ. 1975ರಲ್ಲಿ ಲೂಸಿಯಾನಾದ ಟೇಲರ್ ಪ್ರಕರಣದಲ್ಲಿ ಇಂಥ ಪದ್ಧತಿ ಬಿದ್ದಿತು. ಕೇಳಿದ ಹೆಂಗಸರನ್ನೆಲ್ಲ ಬಿಟ್ಟುಬಿಡುತ್ತಿದ್ದ ಮಿಸೌರಿಯ ನಿಯಮ 1979ರಲ್ಲಿ ಹೋಯಿತು. ಅದರ ವಿರುದ್ಧ ವಾದಿಸಿದವರಲ್ಲಿ, ಮುಂದೆ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ ಇದ್ದರು. ಆ ಹಳೆಯ ವಿನಾಯಿತಿ ಮತ್ತೆ ಬರಲಿ ಎಂದು ನಾನಂತೂ ಬರೆಯಲಾರೆ.

ಹಾಗೆಂದು ಮಕ್ಕಳನ್ನು ಬೀದಿಯಲ್ಲಿ ಬಿಟ್ಟು ಬನ್ನಿ ಎಂದು ಕಾನೂನು ಹೇಳುವುದಿಲ್ಲ. ಮಗುವಿಗೆ ನಿಮ್ಮದೇ ಆರೈಕೆ ಬೇಕು, ಬೇರೆ ಏರ್ಪಾಡು ಇಲ್ಲ, ಇದ್ದರೂ ಅದರ ಖರ್ಚು ತಾಳಲಾಗದು ಎಂದಾದರೆ ಕ್ಯಾಲಿಫೋರ್ನಿಯಾದಲ್ಲಿ ಬಿಡುಗಡೆ ಕೇಳಬಹುದು. ಇದು ತಾಯಂದಿರಿಗಷ್ಟೇ ಅಲ್ಲ, ಅಪ್ಪಂದಿರಿಗೂ, ಮುದಿ ತಂದೆತಾಯಿಯರನ್ನು ನೋಡಿಕೊಳ್ಳುವವರಿಗೂ ಉಂಟು. ಎದೆಹಾಲು ಕುಡಿಸುವವರಂತೂ ಕೋರ್ಟಿಗೆ ಕಾಲಿಡದೆಯೇ ಒಂದು ವರ್ಷದವರೆಗೆ ಮುಂದೂಡಿಸಿಕೊಳ್ಳಬಹುದು.

ನಿಮ್ಮ ಸ್ಥಿತಿ ಬೇರೆ, ಮನೆಯಲ್ಲಿ ಅತ್ತೆ ಇದ್ದಾರೆ. ಮುಂದೂಡಿದರೆ ಆ ಹೊತ್ತಿಗೆ ಅವರು ದಾವಣಗೆರೆ ಸೇರಿರುತ್ತಾರೆ, ಮಗಳಿಗೆ ಬೇಸಿಗೆ ರಜೆ ಬಂದು ಇಬ್ಬರೂ ಇಡೀ ದಿನ ಮನೆಯಲ್ಲೇ! ಈಗಲೇ ಹೋಗಿಬನ್ನಿ ಎನ್ನುತ್ತೇನೆ. ಸ್ಕೂಲು ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಗಳನ್ನು ಕರೆತರುವವರ ಪಟ್ಟಿಯಲ್ಲಿ ಅತ್ತೆಯ ಹೆಸರು ಬರೆಸಿ, ಗುರುತಿಗೆಂದು ಅವರ ಕೈಗೆ ಪಾಸ್‌ಪೋರ್ಟ್ ಕೊಡಿ. ದೂರವಿದ್ದರೆ ಪಕ್ಕದ ಮನೆಯವರ ಹೆಸರು. ಸಮನ್ಸಿನಲ್ಲಿರುವ ನಿಮ್ಮ ಗುಂಪಿನ ನಂಬರಿನವರು ಬರಬೇಕೇ ಎಂದು ಹಿಂದಿನ ಸಂಜೆ ಫೋನಿನಲ್ಲೋ ವೆಬ್‌ಸೈಟಿನಲ್ಲೋ ನೋಡಿಕೊಳ್ಳಿ. ಎಷ್ಟೋ ಸಲ ಬರಬೇಕಾಗಿಯೇ ಇರುವುದಿಲ್ಲ. ಹೋದ ದಿನ ಯಾವ ಮೊಕದ್ದಮೆಗೂ ಹಾಕದಿದ್ದರೆ ಕನಿಷ್ಠ 12 ತಿಂಗಳು ನಿಶ್ಚಿಂತೆ. ಕೋರ್ಟ್ ಹಾಲಿಗೆ ಕಳಿಸಿದರೆ ವಿಚಾರಣೆ ಎಷ್ಟು ದಿನ ನಡೆಯಬಹುದೆಂದು ನ್ಯಾಯಾಧೀಶರು ಮೊದಲೇ ಹೇಳುತ್ತಾರೆ. ಮೂರು ದಿನವಾದರೆ ಕೂರಿ. ಆರು ವಾರ ಎಂದರೆ ಅಲ್ಲೇ ಕೈಯೆತ್ತಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಆಯ್ಕೆಯಾದರೆ ಮಕ್ಕಳಿಗಿಂತ ದೊಡ್ಡವರನ್ನು ಸಂಭಾಳಿಸುವುದೇ ಕಷ್ಟ. ತೀರ್ಪು ಆಗುವವರೆಗೆ ಪ್ರಕರಣದ ಬಗ್ಗೆ ಗಂಡನಲ್ಲೂ ಬಾಯಿಬಿಡುವಂತಿಲ್ಲ, ಗೂಗಲ್ ಮಾಡುವಂತಿಲ್ಲ. ಸಂಜೆ ಕಾಫಿ ಕೊಟ್ಟು "ಏನಾಯ್ತಮ್ಮ, ಯಾರದು ತಪ್ಪು?" ಎಂದು ಅತ್ತೆ ಕೇಳದೆ ಇರುತ್ತಾರೆಯೇ? ಎಷ್ಟು ಹೊತ್ತಿಗೆ ಹೋಗಬೇಕು, ಯಾವತ್ತು ಮುಗಿಯಬಹುದು, ಇಷ್ಟೇ ಹೇಳಿ.

ದುಡ್ಡಿನ ಮಾತಿಗೆ ಬಂದರೆ ನಿಮ್ಮ ಸಿಟ್ಟಿನ ಜೊತೆ ನಾನೂ ಇದ್ದೇನೆ. ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್! ಅದರಲ್ಲಿ ಒಂದು ಗಂಟೆಯಾದರೂ ಮಗು ನೋಡಿಕೊಳ್ಳುವವರು ಸಿಗುತ್ತಾರೆಯೇ? ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆ ಇದೆ ನಿಜ, ಆದರೆ ಆ ದಿನಗಳ ಸಂಬಳ ಕೊಡಲೇಬೇಕೆಂಬ ಕಾನೂನಿಲ್ಲ. ತಾಯಂದಿರು ಕೇಳಬೇಕಾದದ್ದು ವಿನಾಯಿತಿಯನ್ನಲ್ಲ, ಮಕ್ಕಳನ್ನು ನೋಡಿಕೊಳ್ಳುವವರ ಖರ್ಚನ್ನು. ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ, ನನಗೆ ಬರೆದಷ್ಟೇ ಖಾರವಾಗಿ.

ಕೊನೆಗೆ ಯಜಮಾನರ ವಿಷಯ. ಡ್ರೈವಿಂಗ್ ಲೈಸೆನ್ಸಿನ ಪಟ್ಟಿಯಿಂದಲೂ ಹೆಸರು ಎತ್ತುವುದರಿಂದ ಗ್ರೀನ್ ಕಾರ್ಡಿನವರಿಗೂ ಸಮನ್ಸ್ ಬರುವುದುಂಟು. ಅವರು ಜ್ಯೂರಿಯಲ್ಲಿ ಕೂರುವಂತಿಲ್ಲ. ಬಂದರೆ ಸುಮ್ಮನಿರದೆ, 'ಅಮೆರಿಕದ ಪೌರನಲ್ಲ' ಎಂದು ತುಂಬಿ ವಾಪಸ್ ಕಳಿಸಲಿ. ಅಲ್ಲಿ ತಪ್ಪಿ 'ಪೌರ' ಎಂದು ಗುರುತು ಹಾಕಿದರೆ ಮುಂದೆ ಅವರ ಪೌರತ್ವದ ಅರ್ಜಿಗೇ ಕುತ್ತು.

— ಸಂ.